ಪ್ಲೈವುಡ್ ಕಾಕ್‌ಪಿಟ್‌ನಲ್ಲಿ ಅಪ್ಪನ ಫ್ಯೂಸು

ಮೊದಮೊದಲು ವಿಮಾನದ ಸದ್ದು ಕೇಳಿದರೆ ನಮ್ಮ ಕೊಡ್ಲಿಯ ಹೊಲಗಳಲ್ಲಿ ಕಳೆ ತೆಗೆಯುವವರು ಕುರ್ಪಿ ಹಿಡಿದುಕೊಂಡೇ ಎದ್ದು ನಿಲ್ಲುತ್ತಿದ್ದರು. ಈಗ ಯಾರೂ ತಲೆ ಎತ್ತುವುದಿಲ್ಲ. 2019ರ ನವೆಂಬರ್‌ನಲ್ಲಿ ಕಲಬುರಗಿ ವಿಮಾನ ನಿಲ್ದಾಣ ಶುರುವಾಯಿತು. ಆಮೇಲೆ ಅಲ್ಲಿ ಪೈಲಟ್ ತರಬೇತಿಯೂ ಬಂತು. ತೊಗರಿ ಹೊಲಗಳ ಮೇಲೆ ಪುಟ್ಟ ವಿಮಾನಗಳು ಗಿರಕಿ ಹೊಡೆಯುವುದು ನಮ್ಮ ಕಡೆ ಮಾಮೂಲಾಯಿತು. ತಲೆ ಎತ್ತುವ ಚಟ ಬಿಡದವಳು ನಾನೊಬ್ಬಳೇ.

ಆ ಚಟವೇ ನನ್ನನ್ನು ಪೇಚಿಗೆ ಸಿಕ್ಕಿಸಿತು. ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟಿಗೆ ಗೆಳತಿಯರೆಲ್ಲ ಸೋಲಾರ್ ಪಂಪು, ಸ್ಮಾರ್ಟ್ ಮೀಟರ್ ಎಂದು ಬರೆದುಕೊಟ್ಟರು. ನಾನು ‘ಮನೆಯಲ್ಲೇ ಕಟ್ಟುವ ಎರಡು ಸೀಟಿನ ವಿಮಾನಕ್ಕೆ ವೈರಿಂಗ್’ ಎಂದು ಬರೆದೆ. ಗೈಡ್ ಸರ್ ಕನ್ನಡಕ ಕೆಳಗಿಳಿಸಿ, ‘ವಿಮಾನ ಎಲ್ಲದಮ್ಮಾ?’ ಅಂದರು.

‘ವಿಮಾನ ಇಲ್ರಿ ಸರ್. ಮುಂದಿನ ಪ್ಯಾನೆಲ್ ಅಷ್ಟೇ ಮಾಡ್ತೀನಿ, ಪ್ಲೈವುಡ್‌ದು. ಅದರ ಹಿಂದಿನ ವೈರಿಂಗ್ ಮಾತ್ರ ಖರೇದು.’

ಸರ್ ನಕ್ಕರು. ಆದರೆ ಸಹಿ ಹಾಕಿದರು.

ಮನೆಯಲ್ಲಿ ವಿಮಾನ ಕಟ್ಟುವುದೆಂದರೆ ಹುಚ್ಚಾಟ ಎಂದುಕೊಳ್ಳಬೇಡಿ. ಅಮೆರಿಕದ ಬರ್ಟ್ ರುಟಾನ್ ರೂಪಿಸಿದ ‘ಲಾಂಗ್ ಈಝೀ’ ಎಂಬ ಎರಡು ಸೀಟಿನ ವಿಮಾನ 1979ರಲ್ಲಿ ಮೊದಲ ಸಲ ಹಾರಿತು. ಅದರ ನಕ್ಷೆ ಕೊಂಡವರು ತಮ್ಮ ಗ್ಯಾರೇಜಿನಲ್ಲೇ ಫೋಮು, ಗಾಜಿನ ನಾರು, ಅಂಟು ಸೇರಿಸಿ ವಿಮಾನ ಕಟ್ಟಿಕೊಂಡು ಹಾರಿದರು. ಅದೇ ವಿನ್ಯಾಸವನ್ನು ಆಧರಿಸಿ ನಮ್ಮ ಬೆಂಗಳೂರಿನ ಎನ್‌ಎಎಲ್ ಸಂಸ್ಥೆ 1980ರ ದಶಕದಲ್ಲಿ ಎಲ್‌ಸಿಆರ್‌ಎ ಎಂಬ ಸಂಶೋಧನಾ ವಿಮಾನ ಮಾಡಿತು. ಅದರ ನಂತರ ಬಂದದ್ದು 1993ರಲ್ಲಿ ಮೊದಲು ಹಾರಿದ ‘ಹಂಸ’. ಮುಂಬೈಯ ಪೈಲಟ್ ಅಮೋಲ್ ಯಾದವ್ ತಾವಿರುವ ಕಟ್ಟಡದ ತಾರಸಿಯ ಮೇಲೆಯೇ ಆರು ಸೀಟಿನ ವಿಮಾನ ಕಟ್ಟಿ, 2016ರ ‘ಮೇಕ್ ಇನ್ ಇಂಡಿಯಾ’ ಪ್ರದರ್ಶನದಲ್ಲಿ ನಿಲ್ಲಿಸಿದರು. ಮರುವರ್ಷ ಅದಕ್ಕೆ ನೋಂದಣಿಯೂ ಸಿಕ್ಕಿತು.

ಇಂಥ ವಿಮಾನಗಳ ಸುದ್ದಿ ಬಂದಾಗ ಎಲ್ಲರೂ ರೆಕ್ಕೆ ನೋಡುತ್ತಾರೆ, ಎಂಜಿನ್ ನೋಡುತ್ತಾರೆ. ಪ್ಯಾನೆಲ್ಲಿನ ಹಿಂದೆ ಇಣುಕುವವರು ಕಡಿಮೆ. ನಾನು ಇಣುಕಿದೆ. ಅಲ್ಲಿ ನನಗೆ ಕಂಡದ್ದು ನಮ್ಮ ಹೊಲದ ಸ್ಟಾರ್ಟರ್ ಡಬ್ಬಿ!

ಮೂರನೇ ಕಾಲಂ

ಮೊದಲ ತಪ್ಪು ಮೊದಲ ದಿನವೇ ಆಯಿತು. ಪ್ಲೈವುಡ್ ತಂದವಳೇ ಡ್ರಿಲ್ ಹಿಡಿದು, ಅಂದವಾಗಿ ಒಂದೇ ಸಾಲಿನಲ್ಲಿ ಹನ್ನೆರಡು ತೂತು ಕೊರೆದು, ಹನ್ನೆರಡು ಸ್ವಿಚ್ ಕೂರಿಸಿಬಿಟ್ಟೆ. ಸರ್ ಬಂದು ನೋಡಿ, ‘ಛಂದ ಅದ. ಹಾರ್ಮೋನಿಯಂ ಇದ್ದಂಗ ಅದ. ಈಗ ಇದನ್ನ ಬದಿಗಿಟ್ಟು ಒಂದು ಹಾಳಿ ತಗೋ’ ಅಂದರು.

ಹಾಳೆಯ ಮೇಲೆ ಮೂರು ಕಾಲಂ ಹಾಕಿಸಿದರು. ಮೊದಲನೆಯದರಲ್ಲಿ ವಿಮಾನದಲ್ಲಿ ಕರೆಂಟು ತಿನ್ನುವ ಪ್ರತಿಯೊಂದರ ಹೆಸರು: ರೇಡಿಯೊ, ಟ್ರಾನ್ಸ್‌ಪಾಂಡರ್, ಮೀಟರ್‌ಗಳು, ರೆಕ್ಕೆ ತುದಿಯ ದೀಪ, ಇಳಿಯುವಾಗಿನ ದೀಪ, ಇಂಧನದ ಪಂಪು, ಫ್ಲ್ಯಾಪ್ ಮೋಟಾರು, ಮೊಬೈಲ್ ಚಾರ್ಜರ್. ಎರಡನೆಯದರಲ್ಲಿ ಅದು ಎಳೆಯುವ ಆಂಪಿಯರ್. ಮೂರನೆಯದರಲ್ಲಿ ಒಂದೇ ಪ್ರಶ್ನೆ: ‘ಗಾಳಿಯಲ್ಲಿದ್ದಾಗ ಇದು ಸತ್ತರೆ ಏನಾಗುತ್ತದೆ?’

ಮೊದಲೆರಡು ಕಾಲಂ ಅರ್ಧ ಗಂಟೆಯಲ್ಲಿ ತುಂಬಿದವು. ಮೂರನೆಯದಕ್ಕೆ ಎರಡು ವಾರ ಬೇಕಾಯಿತು. ಚಾರ್ಜರ್ ಸತ್ತರೆ ಏನೂ ಆಗದು. ದೀಪ ಸತ್ತರೆ ಹಗಲಿನಲ್ಲಿ ಚಿಂತೆಯಿಲ್ಲ. ರೇಡಿಯೊ ಸತ್ತರೆ ತೊಂದರೆ, ಆದರೆ ವಿಮಾನ ಬೀಳುವುದಿಲ್ಲ. ಎಂಜಿನ್ನಿನ ಕಿಡಿ ಸತ್ತರೆ?

ಇಲ್ಲಿ ಒಂದು ಖುಷಿಯ ಸಂಗತಿ ತಿಳಿಯಿತು. ಹಳೆಯ ಲೂನಾ ನೆನಪಿದೆಯೇ? ಅದಕ್ಕೆ ಬ್ಯಾಟರಿಯೇ ಇರಲಿಲ್ಲ, ಆದರೂ ಓಡುತ್ತಿತ್ತು. ತಿರುಗುವ ಚಕ್ರದ ಅಯಸ್ಕಾಂತವೇ ಕಿಡಿ ಹುಟ್ಟಿಸುತ್ತಿತ್ತು. ಸಣ್ಣ ವಿಮಾನಗಳ ಬಹುತೇಕ ಎಂಜಿನ್ನುಗಳಲ್ಲೂ ಅದೇ ಜಾಣತನ. ಅದೂ ಒಂದಲ್ಲ, ಎರಡು ಪ್ರತ್ಯೇಕ ಕಿಡಿ ವ್ಯವಸ್ಥೆ. ನಾನು ಆರಿಸಿಕೊಂಡ ರೋಟಾಕ್ಸ್ 912 ಎಂಜಿನ್ನಿನಲ್ಲೂ ಹಾಗೆಯೇ. ಬ್ಯಾಟರಿ ಪೂರ್ತಿ ಸತ್ತರೂ ಫ್ಯಾನು ನಿಲ್ಲದು. ಈ ಕಿಡಿಯ ಸ್ವಿಚ್ಚಿನ ಕೆಲಸವೂ ತಿರುಗುಮುರುಗು. ಆಫ್ ಮಾಡಿದಾಗ ಅದು ತಂತಿಯನ್ನು ಎಂಜಿನ್ನಿನ ಮೈಗೆ ಕೂಡಿಸಿ ಕಿಡಿಯನ್ನು ಕೊಲ್ಲುತ್ತದೆ. ಅಂದರೆ ಆ ತಂತಿ ತುಂಡಾದರೆ ಎಂಜಿನ್ ನಿಲ್ಲುವುದಿಲ್ಲ, ಬದಲಿಗೆ ಆಫ್ ಆಗುವುದೇ ಇಲ್ಲ! ಗಾಳಿಯಲ್ಲಿ ಇದು ವರ. ನೆಲದ ಮೇಲೆ ಫ್ಯಾನಿಗೆ ಕೈ ಹಚ್ಚುವವನಿಗೆ ಇದೇ ಅಪಾಯ.

ಗೊತ್ತಿದ್ದ ವಾಸನೆ

ಪಟ್ಟಿಯಾದ ಮೇಲೆ ಫ್ಯೂಸಿನ ಸರದಿ. ಲ್ಯಾಬಿನ ಮೇಜಿನ ಮೇಲೆ 12 ವೋಲ್ಟಿನ ಬ್ಯಾಟರಿ ಇಟ್ಟು, 55 ವ್ಯಾಟಿನ ಮೂರು ಹೆಡ್‌ಲೈಟ್ ಬಲ್ಬು ಜೋಡಿಸಿದೆ. ಕೈಗೆ ಸಿಕ್ಕಿದ್ದು 22 ಗೇಜಿನ ಸಪೂರ ತಂತಿ. ಲೆಕ್ಕ ಹಾಕಿದೆ: 165 ವ್ಯಾಟನ್ನು 12ರಿಂದ ಭಾಗಿಸಿದರೆ ಹತ್ತಿರ ಹತ್ತಿರ 14 ಆಂಪಿಯರ್. ಡಬ್ಬಿಯಲ್ಲಿ 15 ಆಂಪಿಯರಿನ ಫ್ಯೂಸಿತ್ತು. 14ರ ಭಾರಕ್ಕೆ 15ರ ಫ್ಯೂಸು. ಪಕ್ಕಾ ಅಂದುಕೊಂಡೆ.

ಬಲ್ಬುಗಳು ಫಳ್ಳನೆ ಹೊತ್ತಿದವು. ಗೆಳತಿ ಫೋಟೊ ತೆಗೆದಳು. ಸ್ವಲ್ಪ ಹೊತ್ತಿಗೆ ತಂತಿಗಳ ಕಟ್ಟಿನಿಂದ ವಾಸನೆ ಬಂತು. ಮುಟ್ಟಿದೆ, ಕೈ ಚುರ್ ಎಂದಿತು. ಪ್ಲಾಸ್ಟಿಕ್ ಮೆತ್ತಗಾಗಿ ಪಕ್ಕದ ತಂತಿಗೆ ಅಂಟತೊಡಗಿತ್ತು. ಫ್ಯೂಸು ಮಾತ್ರ ತನಗೇನೂ ಸಂಬಂಧವಿಲ್ಲ ಎಂಬಂತೆ ಕೂತಿತ್ತು.

ಸ್ವಿಚ್ ಆರಿಸಿ ನಿಂತೆ. ಕೈ ನಡುಗುತ್ತಿತ್ತು. ಆ ವಾಸನೆ ನನಗೆ ಗೊತ್ತಿತ್ತು.

ನಾನು ಆರನೇ ಕ್ಲಾಸಿನಲ್ಲಿದ್ದ ಬೇಸಿಗೆ. ಹೊಲದಲ್ಲಿ ಶೇಂಗಾ ಇತ್ತು. ತ್ರೀ ಫೇಸ್ ಕರೆಂಟು ರಾತ್ರಿ ಬರುತ್ತಿತ್ತು. ಮೋಟಾರ್ ಚಾಲೂ ಮಾಡಿ ಅಪ್ಪ ನೀರು ಬಿಡಲು ಹೋದರೆ ಹಿಂದಿನಿಂದಲೇ ಫ್ಯೂಸು ಹೋಗುತ್ತಿತ್ತು. ಮತ್ತೆ ಹಾಕುವುದು, ಮತ್ತೆ ಹೋಗುವುದು. ಮೂರನೇ ರಾತ್ರಿ ಅಪ್ಪ ಹಳೆಯ ವೈರು ಸುಲಿದು, ತಾಮ್ರದ ಎಳೆಗಳನ್ನು ಹುರಿ ಮಾಡಿ ಕಟೌಟಿಗೆ ಸುತ್ತಿದ. ‘ಫ್ಯೂಸ್ ಸುಟ್ರ ಮೋಟಾರ್ ನಿಂದರ್ತದ, ಮೋಟಾರ್ ನಿಂತ್ರ ಬೆಳಿ ಒಣಗ್ತದ. ಇನ್ನ ಹ್ಯಾಂಗ್ ಸುಡ್ತದ ನೋಡ್ತೀನಿ’ ಅಂದ.

ಫ್ಯೂಸು ಸುಡಲಿಲ್ಲ. ಹತ್ತು ದಿನದ ಮೇಲೆ ಒಂದು ನಡುರಾತ್ರಿ ಕೊಟ್ಟಿಗೆ ಸುಟ್ಟಿತು. ಸ್ಟಾರ್ಟರ್ ಡಬ್ಬಿ ಇದ್ದದ್ದು ಅದೇ ಕೊಟ್ಟಿಗೆಯ ಗೋಡೆಯಲ್ಲಿ, ಪಕ್ಕದಲ್ಲೇ ತೊಗರಿ ಹೊಟ್ಟಿನ ರಾಶಿ. ಅಪ್ಪ ಒಳಗೆ ನುಗ್ಗಿ ಎರಡೂ ಎತ್ತುಗಳ ಹಗ್ಗ ಬಿಚ್ಚಿದ. ಎತ್ತು ಉಳಿದವು. ಅಪ್ಪನ ಎಡಗೈಯ ಎರಡು ಬೆರಳು ಇಂದಿಗೂ ಪೂರ್ತಿ ಚಾಚುವುದಿಲ್ಲ.

ಊರಿನವರು ‘ನಸೀಬ’ ಎಂದರು. ಮೋಟಾರ್ ವೈಂಡಿಂಗ್ ಮಾಡುವ ಚಾಚಾ ಒಬ್ಬರೇ ಕರಕಲಾದ ಡಬ್ಬಿ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಕೇಬಲ್ಲಿನ ಜಾಯಿಂಟ್ ಸಡಿಲಾಗಿ, ಹೊದಿಕೆ ಹರಿದು, ಒಂದು ತಂತಿ ಇನ್ನೊಂದಕ್ಕೆ ತಾಕುತ್ತಿತ್ತು. ಪಾಪದ ಫ್ಯೂಸು ಮೂರು ರಾತ್ರಿಯೂ ಅದನ್ನೇ ಹೇಳುತ್ತಿತ್ತು. ಅಪ್ಪನಿಗೆ ಏನೂ ಅನ್ನದೆ, ಹತ್ತಿರ ನಿಂತಿದ್ದ ನನಗೆ ಹೇಳಿದರು: ‘ಬೇಟಾ, ಮೋಟಾರ್ ಕಾಯ್ಲಕ್ಕ ಬ್ಯಾರೆ ರಿಲೇ ಅದ. ಫ್ಯೂಸ್ ಅಂದ್ರ ವೈರಿನ ಚೌಕೀದಾರ. ಚೌಕೀದಾರಗ ನಿದ್ದಿ ಗುಳಿಗಿ ಕೊಟ್ರ ಹ್ಯಾಂಗ?’

ಹನ್ನೊಂದು ವರ್ಷದ ಹುಡುಗಿಗೆ ಅದು ಅರ್ಥವಾಗಿರಲಿಲ್ಲ. ಲ್ಯಾಬಿನಲ್ಲಿ ಮೆತ್ತಗಾದ ತಂತಿ ಹಿಡಿದು ನಿಂತಾಗ ಅರ್ಥವಾಯಿತು. ನಾನು ಬಲ್ಬಿಗೆ ತಕ್ಕ ಫ್ಯೂಸು ಹಾಕಿದ್ದೆ. ಹಾಕಬೇಕಾದದ್ದು ತಂತಿಗೆ ತಕ್ಕ ಫ್ಯೂಸು. ಅಪ್ಪನೂ ನಾನೂ ಮಾಡಿದ್ದು ಒಂದೇ ತಪ್ಪು. ಅವನು ಹೊಲದಲ್ಲಿ, ನಾನು ಎಂಜಿನಿಯರಿಂಗ್ ಕಾಲೇಜಿನಲ್ಲಿ.

ಸಣ್ಣ ವಿಮಾನ ಕಟ್ಟುವವರು ಸಾಮಾನ್ಯವಾಗಿ ಪಾಲಿಸುವ ಲೆಕ್ಕ ಹೀಗಿದೆ: 22 ಗೇಜಿನ ತಂತಿಗೆ 5 ಆಂಪಿಯರಿನ ಬ್ರೇಕರ್, 20 ಗೇಜಿಗೆ ಏಳೂವರೆ, 18 ಗೇಜಿಗೆ 10. ಗೇಜು ಇಳಿದಷ್ಟೂ ತಂತಿ ದಪ್ಪ. ಮೊದಲು ಭಾರ ನೋಡು, ಭಾರಕ್ಕೆ ತಂತಿ ಆರಿಸು, ತಂತಿಗೆ ಫ್ಯೂಸು ಆರಿಸು. ಈ ಕ್ರಮ ತಪ್ಪಬಾರದು. ಫ್ಯೂಸು ಕೂರುವುದೂ ಕರೆಂಟು ಹೊರಡುವ ಕಡೆ, ಬಲ್ಬಿನ ಹತ್ತಿರ ಅಲ್ಲ. ಬಾಗಿಲಲ್ಲಿ ನಿಲ್ಲಬೇಕಾದ ಕಾವಲುಗಾರ ಹಿತ್ತಲಲ್ಲಿ ನಿಂತರೇನು ಬಂತು?

ಕಣ್ಣು ಕಟ್ಟಿದ ಗೆಳತಿ

ತಂತಿ, ಫ್ಯೂಸು ಸರಿಯಾದವು. ಇನ್ನು ನನ್ನ ಹಾರ್ಮೋನಿಯಂ. ಹನ್ನೆರಡೂ ಸ್ವಿಚ್ ಒಂದೇ ಆಕಾರ, ಒಂದೇ ಸಾಲು. ಮನೆಯ ಗೋಡೆಯ ಸ್ವಿಚ್ಚಿನಂತೆ ಕೆಳಗೆ ಒತ್ತಿದರೆ ಆನ್. ಸರ್ ಒಂದು ಪರೀಕ್ಷೆ ಮಾಡು ಅಂದರು. ವಾಡಿಯ ಗೆಳತಿಯನ್ನು ಪ್ಯಾನೆಲ್ ಮುಂದೆ ಕೂರಿಸಿ ಯಾವ ಸ್ವಿಚ್ ಎಲ್ಲಿದೆ ಎಂದು ಎರಡು ದಿನ ಬಾಯಿಪಾಠ ಮಾಡಿಸಿದೆ. ಮೂರನೇ ದಿನ ಅವಳ ಕಣ್ಣಿಗೆ ದುಪಟ್ಟಾ ಕಟ್ಟಿ, ‘ಹೊಗೆ! ಮಾಸ್ಟರ್ ಆರಿಸು!’ ಎಂದು ಕಿರುಚಿದೆ.

ಹೊಗೆ ಬಂದಾಗ ಮೊದಲು ಕೈ ಹೋಗಬೇಕಾದದ್ದು ಮಾಸ್ಟರ್ ಸ್ವಿಚ್ಚಿಗೆ. ಅದನ್ನು ಆರಿಸಿದರೆ ಬ್ಯಾಟರಿಯ ಪಕ್ಕದಲ್ಲೇ ಇರುವ ಕಾಂಟಾಕ್ಟರ್ ಬಿಡುತ್ತದೆ, ಪ್ಯಾನೆಲ್ಲಿನ ಕಡೆಗೆ ಬರುವ ದಪ್ಪ ಕೇಬಲ್ಲೇ ನಿರ್ಜೀವವಾಗುತ್ತದೆ. ಮಾಸ್ಟರ್ ಸ್ವಿಚ್ ಹೊರುವುದು ಕಾಂಟಾಕ್ಟರಿನ ಸುರುಳಿಯ ಅಲ್ಪ ಕರೆಂಟನ್ನು ಮಾತ್ರ. ನಮ್ಮ ಸ್ಟಾರ್ಟರಿನ ಹಸಿರು, ಕೆಂಪು ಗುಂಡಿಗಳ ಹಾಗೆ. ಎಂಜಿನ್ ಮಾತ್ರ ತನ್ನ ಕಿಡಿಯ ಬಲದಿಂದ ಓಡುತ್ತಲೇ ಇರುತ್ತದೆ.

ಗೆಳತಿ ಗಾಬರಿಯಲ್ಲಿ ಕೈ ಚಾಚಿ ಎರಡು ಸ್ವಿಚ್ ಫಟಫಟ ಎತ್ತಿದಳು. ಕಣ್ಣು ಬಿಚ್ಚಿ ನೋಡಿದರೆ ಅವಳು ಆರಿಸಿದ್ದು ಎರಡೂ ಕಿಡಿಗಳನ್ನು. ಮಾಸ್ಟರ್ ಪಕ್ಕದಲ್ಲೇ ಆರಾಮಾಗಿ ಆನ್ ಇತ್ತು. ವೈರಿನ ಹೊಗೆ ಹಾಗೆಯೇ ಉಳಿಯಿತು, ಎಂಜಿನ್ ಮಾತ್ರ ನಿಂತಿತು. ‘ನಾ ಸತ್ತೆನಾ?’ ಎಂದು ಕೇಳಿದಳು. ಇಬ್ಬರೂ ನಕ್ಕೆವು. ಆಮೇಲೆ ನಗು ಬರಲಿಲ್ಲ.

ತಪ್ಪು ಅವಳದ್ದಲ್ಲ, ನನ್ನದು. ಆ ವಾರ ನಾನು ಅಮೆರಿಕದ ಗಾಯಕ ಜಾನ್ ಡೆನ್ವರ್ ಸತ್ತ ಕತೆ ಓದಿದೆ. 1997ರ ಅಕ್ಟೋಬರ್ 12ರಂದು ಕ್ಯಾಲಿಫೋರ್ನಿಯಾದ ಕಡಲಿಗೆ ಬಿದ್ದದ್ದು ಒಂದು ಲಾಂಗ್ ಈಝೀ. ಬೆಂಗಳೂರಿನವರು ಆಧಾರವಾಗಿ ಇಟ್ಟುಕೊಂಡರಲ್ಲ, ಅದೇ ವಿನ್ಯಾಸ. ಒಂದು ಟ್ಯಾಂಕಿನಿಂದ ಇನ್ನೊಂದಕ್ಕೆ ಇಂಧನ ಬದಲಿಸುವ ಹಿಡಿಯನ್ನು ಅದನ್ನು ಕಟ್ಟಿದವರು ನಕ್ಷೆಯಲ್ಲಿದ್ದ ಕಡೆ ಬಿಟ್ಟು ಪೈಲಟ್‌ನ ಎಡಭುಜದ ಹಿಂದೆ ಕೂರಿಸಿದ್ದರು. ಅದನ್ನು ತಿರುವಬೇಕಾದರೆ ಇಡೀ ಮೈ ಹಿಂದಕ್ಕೆ ಹೊರಳಬೇಕು. ಹಾಗೆ ಹೊರಳುವಾಗ ಕಾಲು ತನಗರಿವಿಲ್ಲದೆ ಬಲ ಪೆಡಲ್ ಒತ್ತಿಬಿಡಬಹುದು. ಟ್ಯಾಂಕಿನಲ್ಲಿ ಇಂಧನವೂ ಕಡಿಮೆಯಿತ್ತು. ಹಿಡಿಯತ್ತ ಗಮನ ಹೋಗಿ ವಿಮಾನ ಕೈತಪ್ಪಿತು ಎಂದು ತನಿಖೆ ಹೇಳಿತು. ಕಟ್ಟಿದವರ ಉದ್ದೇಶ ಒಳ್ಳೆಯದೇ ಇತ್ತು, ಇಂಧನದ ಕೊಳವೆ ಕಾಕ್‌ಪಿಟ್ಟಿನೊಳಗೆ ಬೇಡ ಎಂದು. ಆದರೆ ಅವಸರದಲ್ಲಿ ಕೈ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ಉಳಿದುಬಿಟ್ಟಿತ್ತು.

ಪ್ಲೈವುಡ್ ಎಸೆದು ಹೊಸದು ತಂದೆ. ಈ ಸಲ ಮಾಸ್ಟರ್ ಎಡತುದಿಯಲ್ಲಿ ಒಂಟಿಯಾಗಿ, ಕೆಂಪು ಬಣ್ಣದಲ್ಲಿ. ಕಿಡಿಯ ಎರಡು ಸ್ವಿಚ್ ಅದರಿಂದ ಒಂದು ಗೇಣು ದೂರ, ತಪ್ಪಿ ಕೈ ತಾಗದಂತೆ ಮೇಲೊಂದು ಮುಚ್ಚಳ. ದೀಪಗಳದ್ದೆಲ್ಲ ಬಲಕ್ಕೆ ಒಂದು ಗುಂಪು. ಇಂಧನ ಪಂಪಿನ ಸ್ವಿಚ್ಚಿಗೆ ಬೇರೆ ಆಕಾರದ ತುದಿ, ಕತ್ತಲಲ್ಲೂ ಬೆರಳಿಗೆ ತಿಳಿಯುವಂತೆ. ಎಲ್ಲವೂ ಮೇಲಕ್ಕೆ ಎತ್ತಿದರೆ ಆನ್. ನಮ್ಮ ಮನೆಯ ರೂಢಿಗೆ ಇದು ಉಲ್ಟಾ, ಆದರೆ ಕಾಕ್‌ಪಿಟ್‌ಗಳ ರೂಢಿ ಇದೇ. ಬೇರೆ ವಿಮಾನ ಹಾರಿಸಿ ಬಂದವರ ಕೈಯನ್ನು ನನ್ನ ಪ್ಯಾನೆಲ್ ಗೊಂದಲಕ್ಕೆ ಕೆಡವಬಾರದಲ್ಲ.

ಗೆಳತಿಯ ಕಣ್ಣಿಗೆ ಮತ್ತೆ ದುಪಟ್ಟಾ ಕಟ್ಟಿದೆ. ಇಪ್ಪತ್ತು ಸಲ ಕಿರುಚಿದೆ. ಇಪ್ಪತ್ತು ಸಲವೂ ಅವಳ ಕೈ ಮಾಸ್ಟರಿಗೇ ಹೋಯಿತು.

ಎರಡು ಗಂಟೆಯ ಲೆಕ್ಕ

ಮಾಸ್ಟರ್ ಆರಿಸಿದ್ದಾಯಿತು, ಹೊಗೆ ನಿಂತಿತು. ಮುಂದೇನು? ರೇಡಿಯೊ ಇಲ್ಲ, ಮೀಟರ್ ಇಲ್ಲ. ಇದಕ್ಕೆ ದಾರಿ ಸಿಕ್ಕಿದ್ದು ರಾಬರ್ಟ್ ನಕಲ್ಸ್ ಎಂಬ ಅಮೆರಿಕದ ಎಂಜಿನಿಯರ್ ಬರೆದ ‘ಏರೋಎಲೆಕ್ಟ್ರಿಕ್ ಕನೆಕ್ಷನ್’ ಪುಸ್ತಕದಲ್ಲಿ. ಮನೆಯಲ್ಲಿ ವಿಮಾನ ಕಟ್ಟುವವರಿಗೆಂದೇ ಬರೆದದ್ದು. ತೀರಾ ಬೇಕಾದ ಕೆಲವನ್ನು ಮಾತ್ರ ಒಂದು ಪ್ರತ್ಯೇಕ ಸಾಲಿಗೆ ಹಾಕಿ, ಅದಕ್ಕೆ ಬ್ಯಾಟರಿಯಿಂದ ಇನ್ನೊಂದು ದಾರಿ, ಇನ್ನೊಂದು ಸ್ವಿಚ್ ಕೊಡಬೇಕು. ದೊಡ್ಡ ದಾರಿ ಮುಚ್ಚಿದರೂ ಕಿರುದಾರಿ ತೆರೆದಿರುತ್ತದೆ.

ನನ್ನ ಪ್ಯಾನೆಲ್ಲಿನ ಲೆಕ್ಕ ಇದು. ಬ್ಯಾಟರಿ 16 ಆಂಪಿಯರ್-ಗಂಟೆಯದು. ಹಳತಾದಾಗ ಅರ್ಧವೇ ಸಿಗುತ್ತದೆ ಎಂದುಕೊಂಡು 8 ಎಂದು ಹಿಡಿದೆ. ಎಲ್ಲವೂ ಚಾಲೂ ಇದ್ದರೆ 15 ಆಂಪಿಯರ್ ಬೇಕು, ಅರ್ಧ ಗಂಟೆಯಲ್ಲಿ ಖಾಲಿ. ರೇಡಿಯೊ, ಟ್ರಾನ್ಸ್‌ಪಾಂಡರ್, ಮುಖ್ಯ ಮೀಟರ್‌ಗಳು ಮಾತ್ರವಾದರೆ 4 ಆಂಪಿಯರ್, ಎರಡು ಗಂಟೆ. ಅರ್ಧ ಗಂಟೆ ಮತ್ತು ಎರಡು ಗಂಟೆಯ ನಡುವೆ ಇರುವುದು ಕೊಡ್ಲಿಯ ಹೊಲ ಮತ್ತು ಕಲಬುರಗಿಯ ರನ್‌ವೇ ನಡುವಿನ ಅಂತರ!

ಇಷ್ಟೆಲ್ಲ ಮಾಡಿದರೂ ಫ್ಯೂಸೇ ದೇವರಲ್ಲ. 1998ರ ಸೆಪ್ಟೆಂಬರ್ 2ರಂದು ಸ್ವಿಸ್‌ಏರ್ 111 ವಿಮಾನ ಕೆನಡಾದ ಕರಾವಳಿಯಲ್ಲಿ ಬಿದ್ದು 229 ಮಂದಿ ಸತ್ತರು. ಚಾವಣಿಯ ಮೇಲಿನ ತಂತಿಯೊಂದರಲ್ಲಿ ಕಿಡಿ ಹಾರಿ, ಸುತ್ತಲಿನ ಹೊದಿಕೆಗೆ ಬೆಂಕಿ ತಗುಲಿದ್ದು ಕಾರಣವಿರಬೇಕು ಎಂದು ತನಿಖೆ ಕಂಡುಕೊಂಡಿತು. ಚಿಟಪಟ ಹಾರುವ ಕಿಡಿಯನ್ನು ಆ ಕಾಲದ ಬ್ರೇಕರ್‌ಗಳು ಗುರುತಿಸುತ್ತಿರಲಿಲ್ಲ. ಅದಕ್ಕೇ ತಂತಿ ಎಲ್ಲೂ ಲೋಹದ ಅಂಚಿಗೆ ಉಜ್ಜದಂತೆ ಕಟ್ಟುವುದು, ಬೆಂಕಿ ಹಬ್ಬಿಸದ ಹೊದಿಕೆಯ ತಂತಿ ಆರಿಸುವುದು, ಹೋದ ಫ್ಯೂಸನ್ನು ಮತ್ತೆ ಮತ್ತೆ ಹಾಕದಿರುವುದು. ಹೋದದ್ದು ಯಾಕೆ ಹೋಯಿತು ಎಂದು ಕೇಳುವುದು ಮೊದಲು, ಹಾಕುವುದು ಆಮೇಲೆ.

ಅಪ್ಪನ ಪ್ರಶ್ನೆ

ವೈವಾ ಮುಗಿಯಿತು. ಪ್ಯಾನೆಲ್ಲನ್ನು ಹಳೆಯ ಚಾದರದಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಊರಿಗೆ ತಂದೆ. ಕಂಡಕ್ಟರ್ ಲಗೇಜ್ ಟಿಕೆಟ್ ಹರಿದ. ಮನೆಯ ಕಟ್ಟೆಯ ಶಹಾಬಾದ್ ಪರಸಿಯ ಮೇಲೆ ಇಟ್ಟು ಬ್ಯಾಟರಿ ಜೋಡಿಸಿ ದೀಪ ಹೊತ್ತಿಸಿದೆ. ಓಣಿಯ ಹುಡುಗರೆಲ್ಲ ಸರದಿಯಲ್ಲಿ ಪೈಲಟ್ ಆದರು. ಅವ್ವ ‘ಇದು ಹಾರ್ತದೇನ?’ ಎಂದು ಕೇಳಿ ಉತ್ತರಕ್ಕೆ ಕಾಯದೆ ಒಳಗೆ ಹೋದಳು.

ಹುಡುಗರು ಹೋದ ಮೇಲೆ ಅಪ್ಪ ಹತ್ತಿರ ಬಂದ. ಪ್ಯಾನೆಲ್ಲನ್ನು ತಿರುಗಿಸಿ ಹಿಂಬದಿ ನೋಡಿದ. ಬಹಳ ಹೊತ್ತು ನೋಡಿದ. ಮಡಚಿಕೊಂಡ ಬೆರಳಿನಿಂದಲೇ ಒಂದು ಪುಟ್ಟ ಫ್ಯೂಸನ್ನು ಮುಟ್ಟಿ, ‘ಇದ್ಯಾಕ ಇಷ್ಟ ಸಣ್ಣದ ಹಾಕಿ?’ ಅಂದ.

‘ತಂತಿ ಸಣ್ಣದದ ಅಪ್ಪಾ, ಅದಕ್ಕ.’

ಅಪ್ಪ ಏನೂ ಅನ್ನಲಿಲ್ಲ. ಕೊಟ್ಟಿಗೆ ಸುಟ್ಟ ಮೇಲೆ ಆ ರಾತ್ರಿಯ ಮಾತು ನಮ್ಮ ಮನೆಯಲ್ಲಿ ಯಾರೂ ಎತ್ತಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ‘ನಮ್ಮ ಮೋಟಾರಿನ ವೈರಿಗಿ ಎಷ್ಟರದು ಹಾಕ್ಬೇಕು?’ ಎಂದು ಕೇಳಿದ.

ಮರುದಿನ ಇಬ್ಬರೂ ಹೊಲಕ್ಕೆ ಹೋದೆವು. ಕಂಬದ ಮೇನ್ ಆರಿಸಿ ಸ್ಟಾರ್ಟರ್ ಡಬ್ಬಿ ತೆರೆದೆವು. ಡಬ್ಬಿ ಹೊಸದು, ಒಳಗಿನ ಚಾಳಿ ಹಳೆಯದು. ಮೂರೂ ಕಟೌಟಿಗೆ ತಾಮ್ರದ ಹುರಿ! ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಇಕ್ಕಳ ತೆಗೆದುಕೊಂಡು ಮೂರನ್ನೂ ಕಿತ್ತು ಹಾಕಿದ. ಚಾಚಾ ಹೇಳಿಕೊಟ್ಟ ಅಳತೆಯ ಫ್ಯೂಸ್ ತಂತಿ ಕಟ್ಟಿದೆವು.

ನಿಮ್ಮ ಮನೆಯಲ್ಲೂ ಒಮ್ಮೆ ನೋಡಿ. ಎಂಸಿಬಿ ಪದೇ ಪದೇ ಬೀಳುತ್ತಿದ್ದರೆ ಅದಕ್ಕಿಂತ ದೊಡ್ಡದು ಹಾಕಿಸಬೇಡಿ. ಬಲ್ಲವರನ್ನು ಕರೆಸಿ ವೈರು ತೋರಿಸಿ.

ಹೋದ ವಾರ ಹಾಸ್ಟೆಲ್ಲಿಗೆ ಅಪ್ಪನ ಫೋನು ಬಂತು. ‘ಯವ್ವಾ, ಫ್ಯೂಸ್ ಹೋಗ್ಯಾದ’ ಅಂದ. ಎದೆ ಧಸಕ್ಕೆಂದಿತು. ಮತ್ತೆ ತಾಮ್ರ ಸುತ್ತಿದನೇ?

‘ಚಾಚಾಗ ಕರದೀನಿ. ಎಲ್ಲೋ ಜಾಯಿಂಟ್ ಸಡಿಲ ಆಗಿರ್ಬೇಕು. ಅದು ಸುಮ್ಮಸುಮ್ಮಕ ಹೋಗಂಗಿಲ್ಲ.’